ಕಿರುಗುಟ್ಟದ ಬಾಗಿಲು

ಬಾಗಿಲಂಗಡಿಯಿಂದ,
ಹದಿನೇಳನೇ ತಾರೀಖು, ಗುರುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಮಣಿಕಟ್ಟಿನ ನೋವು ಹೇಗಿದೆ? ಬಿಸಿನೀರಿನಲ್ಲಿ ಕೈ ಅದ್ದಿಡು, ಮೌಸು ಹಿಡಿಯುವ ಕೈ ಬದಲಿಸು. ಇಲ್ಲಿ ನಿನ್ನ ಅಮ್ಮನಿಗೆ ಮಂಡಿನೋವು, ನನಗೆ ಹೊಟ್ಟೆಕಿಚ್ಚು. ಮೊದಲನೆಯದಕ್ಕೆ ಮುಲಾಮು ಸಿಕ್ಕಿದೆ.

ನಿನ್ನ ಕಂಪನಿ ಮುಚ್ಚಿತೆಂದು ಬರೆದಿದ್ದೀಯ. ಇನ್ನು ನಮ್ಮ ಅಂಗಡಿಗೆ ಬಂದು ಲೆಕ್ಕ ನೋಡಿಕೊಳ್ಳಲೋ, ಜೊತೆಯ ಇಬ್ಬರನ್ನು ಕಟ್ಟಿಕೊಂಡು ಹೊಸ ವಿಡಿಯೋ ಗೇಮ್ ಮಾಡಲೋ ಎಂದು ಕೇಳಿದ್ದೀಯ. "ಈ ಕಸುಬಿನಲ್ಲಿ ಅರ್ಥ ಇದ್ಯಾ, ನೀವೇ ಹೇಳಿ ಅಪ್ಪಾ." ಹೇಳುತ್ತೇನೆ, ಮೊದಲು ಖರ್ಚು ಕೂಡಿಸೋಣ. ನಾಲ್ಕು ವರ್ಷದ ಓದು. ಮೂರು ಕಂಪ್ಯೂಟರು. ನಾಲ್ಕು ಕನ್ನಡಕ, ಒಂದಕ್ಕಿಂತ ಒಂದು ದಪ್ಪ. ನನ್ನ ಎರಡು ಬಾಗಿಲಿನ ಬೆಲೆಯ ಒಂದು ಕುರ್ಚಿ. ಆಮೇಲೆ ಆರು ವರ್ಷದ ಕೆಲಸದಲ್ಲಿ ನೀನು ಮನೆಗೆ ಬಾರದ ರಜೆಗಳು. ಅವನ್ನು ಯಾವ ಖಾತೆಗೆ ಬರೆಯಬೇಕೋ ತಿಳಿಯದು. ಇಷ್ಟೆಲ್ಲ ಆಗಿ ಹೊರಬಂದದ್ದು ಒಂದು ಆಟ. ಅದು ಬಂದ ಮೂರನೇ ತಿಂಗಳಿಗೆ ಮಾಲೀಕ ಎಲ್ಲರಿಗೂ ಕೇಕು ತಿನ್ನಿಸಿ ಮನೆಗೆ ಕಳಿಸಿದ. ಇಷ್ಟು ನಾಜೂಕಾಗಿ ಕೈ ಎತ್ತಿದ ಗಿರಾಕಿಯನ್ನು ನಾನೂ ಕಂಡಿಲ್ಲ.

ಆ ಆಟವನ್ನು ನೋಡಿದೆ. ನಿನ್ನ ಅಮ್ಮ ಟಿವಿಗೆ ಹಾಕಿಸಿ, ತನ್ನ ತಮ್ಮನನ್ನೂ ಕರೆಸಿದ್ದಳು. ಖಾಲಿ ಮನೆ, ಒಂದೊಂದೇ ಬಾಗಿಲು ತೆರೆಯುತ್ತ ಒಳಗೆ ಹೋಗಬೇಕು. ಮೂವತ್ತೆರಡು ವರ್ಷ ಬಾಗಿಲು ಮಾಡಿದವನಲ್ಲವೇ, ಎದೆ ಉಬ್ಬಿಸಿಕೊಂಡೇ ಕೂತಿದ್ದೆ. ಮೊದಲ ಬಾಗಿಲು ಕಿರ್ರೆಂದಿತು. ನಿನ್ನ ಮಾವ ಸೋಫಾ ಬಿಟ್ಟು ಎದ್ದೇಬಿಟ್ಟ: "ಭಾವಾ! ಇದು ನಮ್ಮನೆ ಬಚ್ಚಲ ಬಾಗ್ಲು ಕಣ್ರೀ!" ಕೊನೆಗೆ ಹೆಸರುಗಳು ಮೇಲೇರುವಾಗ ಬಾಗಿಲಿನ ಸದ್ದಿಗಾಗಿ ಅವನಿಗೆ ಕೃತಜ್ಞತೆ. ಎರಡು ಸಲ ಹಾಕಿಸಿ ಓದಿದೆ. ಆ ಪಟ್ಟಿಯಲ್ಲಿ ನಿಮ್ಮ ಆಫೀಸಿನ ಅಡುಗೆಯವಳಿದ್ದಳು, ಯಾರದೋ ಬೆಕ್ಕೂ ಇತ್ತು. ನಾನಿರಲಿಲ್ಲ.

ಫೋನಿನಲ್ಲಿ ಕೇಳಿದ್ದಕ್ಕೆ ನೀನೇನೆಂದೆ? "ನಿಮ್ಮ ಬಾಗಿಲು ಸದ್ದೇ ಮಾಡಲ್ಲ ಅಪ್ಪಾ, ನಾನೇನು ಮಾಡ್ಲಿ?" ಅಲ್ಲ ಕಣೇ, ಅವನನ್ನು ಇಡೀ ಬೀದಿ ನಾಳೆಮಾವ ಅನ್ನುವುದು ಸುಮ್ಮನೆಯೇ? ಆ ಬಾಗಿಲಿನ ಕೀಲುಗಳಿಗೆ ಹಾಕೆಂದು ಎಣ್ಣೆ ಡಬ್ಬಿ ನಾನೇ ಮೂರು ಸಲ ಕೊಟ್ಟಿದ್ದೆ. "ನಾಳೆ ಹಾಕಿದ್ರಾಯ್ತು ಬಿಡಿ ಭಾವ." ಇಪ್ಪತ್ತು ವರ್ಷದ ಸೋಮಾರಿತನಕ್ಕೆ ಈಗ ಸನ್ಮಾನ! ಮನೆಗೆ ಬಂದವರಿಗೆಲ್ಲ ಬಚ್ಚಲ ಬಾಗಿಲು ತೆಗೆದು ತೋರಿಸುತ್ತಾನೆ, ಒಳಗೆ ಯಾರಾದರೂ ಇದ್ದರೂ ಸರಿಯೇ.

ನನ್ನ ಕಥೆ ಕೇಳು. ನಾಲ್ಕು ತಿಂಗಳಿಂದ ನಮ್ಮ ಗೋಡೌನಿನ ಬಾಗಿಲಿಗೆ ಎಣ್ಣೆ ಹಾಕಿಲ್ಲ. ದಿನಾ ಬೆಳಿಗ್ಗೆ ಕಿವಿಯಿಟ್ಟು ತೆರೆಯುತ್ತೇನೆ. "ಈ ವಯಸ್ಸಲ್ಲಿ ಇದೇನ್ರೀ ಹುಚ್ಚು" ಅನ್ನುತ್ತಾಳೆ ನಿನ್ನ ಅಮ್ಮ. ಹಾಳಾದ್ದು, ಇನ್ನೂ ಕಿರುಗುಟ್ಟುತ್ತಿಲ್ಲ.

ನಿನ್ನ ಆಟ ಆಡಿದ ಯಾರೋ ನರ್ಸಮ್ಮ ನಿನಗೆ ಬರೆದದ್ದೆಂದು ನೀನು ಕಳಿಸಿದ ಪತ್ರವನ್ನೂ ಓದಿದೆ. ಡ್ಯೂಟಿ ಮುಗಿಸಿ ಬಂದು, ಆಟದ ಕೊನೆಯ ಬಾಗಿಲನ್ನು ತೆರೆದು, ಆಚೆಯ ಬೆಳಕು ನೋಡುತ್ತ ಹತ್ತು ನಿಮಿಷ ಕೂರುತ್ತಾಳಂತೆ, ಆಮೇಲೆಯೇ ಅವಳಿಗೆ ನಿದ್ದೆಯಂತೆ. ನಾನು ಎಷ್ಟು ಸಾವಿರ ಬಾಗಿಲು ಕೂರಿಸಿದ್ದೇನೋ. ಗಿರಾಕಿ ತಿರುಗಿ ಬಂದದ್ದು ಅದು ಸಿಕ್ಕಿಹಾಕಿಕೊಂಡಾಗ ಮಾತ್ರ. ಒಬ್ಬನಾದರೂ ಒಂದು ಸಾಲು ಬರೆದವನಿಲ್ಲ. ಹೊಟ್ಟೆಕಿಚ್ಚೆಲ್ಲ ನಿನ್ನ ಮಾವನ ಮೇಲೆ ಅಂದುಕೊಂಡಿದ್ದೆ; ಕೂಡಿ ಕಳೆದು ನೋಡಿದರೆ ಮುಕ್ಕಾಲು ಪಾಲು ನಿನ್ನ ಮೇಲೇ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿದ್ದೇನೆ. ಅವಳ ಪಾಲು ದೊಡ್ಡದು.

ನಿನ್ನ ಅಪ್ಪ

ತಾ.ಕ.: ಗಿರಾಕಿ ಕಾಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಅಂಗಡಿಯ ಲೆಕ್ಕಕ್ಕೆ ನಿನ್ನೆ ಒಬ್ಬಳನ್ನು ಗೊತ್ತುಮಾಡಿದೆ, ಮೂಲೆಮನೆ ಟೈಲರನ ಹೆಂಡತಿ. ಇಲ್ಲಿ ಜಾಗವಿಲ್ಲ, ನೀನು ಬರಬೇಡ. ಆ ಇಬ್ಬರ ಜೊತೆ ಕೂತು ಹೊಸದನ್ನು ಮಾಡು. ನಿನ್ನನ್ನು ಎದುರಿಗೇ ಕೂರಿಸಿಕೊಳ್ಳುವ ಆಸೆ ನನಗೆ ಎಷ್ಟಿತ್ತೆಂದರೆ, ನನ್ನ ಮೇಲೆ ನನಗೇ ನಂಬಿಕೆ ಸಾಲದೆ ಅವಳಿಗೆ ಮುಂಗಡ ಕೊಟ್ಟುಬಿಟ್ಟೆ. ಒಟ್ಟಿನಲ್ಲಿ, ಮಾಲೀಕನಿಗೆ ಆಟ. ಮಾವನಿಗೆ ಹೆಸರು. ಟೈಲರನ ಹೆಂಡತಿಗೆ ಕೆಲಸ. ನಿನಗೆ ಕಸುಬು. ನನಗೆ ವಾರಕ್ಕೊಂದು ಫೋನು.