ಜಕಿಯಾಳ ಮನೆ ಇಲ್ಲದ ಸಸ್ಕಟೂನ್

ಕನ್ನಡ ಸಂಘದ ಸಂಚಿಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಲೇಖನದಿಂದ ನೀವು ತೆಗೆದುಹಾಕಿದ ಒಂದು ಸಾಲನ್ನು ವಾಪಸ್ ಕೇಳಲು ಬರೆಯುತ್ತಿದ್ದೇನೆ. ಎದುರಿಗೇ ಕೇಳಬಹುದಿತ್ತು. ಯುಗಾದಿ ಕಾರ್ಯಕ್ರಮದಲ್ಲಿ ನಿಮ್ಮ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ, ಹೋಳಿಗೆ ಹಾಕಿಸಿಕೊಂಡು ಹಾಗೇ ವಾಪಸ್ ಬಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ದೊಡ್ಡವರ ಮುಂದೆ ಬಾಯಿಗಿಂತ ಕೈ ವಾಸಿ.

ಲೇಖನ ಕೇಳಿದವರು ನೀವೇ. ನ್ಯೂಜೆರ್ಸಿಯಲ್ಲಿ ಕೆಲಸ ಕಳೆದುಕೊಂಡ ನಮ್ಮವರು ಕೆನಡಾದ ಹುಲ್ಲುಗಾವಲಿನ ಪ್ರಾಂತ್ಯದ ಕಡೆ ಮುಖ ಮಾಡಿದ್ದಾರೆ, ನೋಡಿಬರಲು ಹೋಗುವವರಿಗೆ ಅಲ್ಲಿನ ನಗರಗಳನ್ನು ಪರಿಚಯಿಸಿ ಎಂದಿರಿ. ನಾನು ಅಲ್ಲಿಗೆ ಹೋಗಿದ್ದು ಅಕ್ಕನನ್ನು ನೋಡಲು. ಎರಡು ವರ್ಷದ ಹಿಂದೆ ಮ್ಯಾನ್‌ಹಟನ್‌ನ ಬ್ಯಾಂಕುಗಳು ಮುಳುಗಿದಾಗ ಭಾವ ಶೌಕತ್ ಅಲಿಯವರ ಕೆಲಸ ಹೋಯಿತು, ಅದರ ಹಿಂದೆ ವೀಸಾ ಹೋಯಿತು. ಅವರು ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಮನೆ ಖಾಲಿ ಮಾಡಿ ಸಸ್ಕಟೂನಿಗೆ ಹೋದರು. ನಾನು ಕಂಡದ್ದನ್ನು ಬರೆದೆ: ರಿಜೈನಾದಲ್ಲಿ ಮನುಷ್ಯರೇ ಮಾಡಿದ ಕೆರೆ, ಮೂಸ್ ಜಾದಲ್ಲಿ ಮನೆಗಿಂತ ಎತ್ತರದ ಕಡವೆಯ ಪ್ರತಿಮೆ, ಸಸ್ಕಟೂನಿನ ಹೊಳೆ, ಅದರ ಸೇತುವೆಗಳು. ಇವೆಲ್ಲ ಅಚ್ಚಾಗಿವೆ. ಕೆರೆಗೆ ‘ರಮಣೀಯ’ ಎಂದೂ ಹೊಳೆಗೆ ‘ವಿಹಂಗಮ’ ಎಂದೂ ನೀವೇ ಕೈಯಾರೆ ಸೇರಿಸಿದ್ದೀರಿ. ಉಪಕಾರವಾಯಿತು. ಅಚ್ಚಾಗದೆ ಉಳಿದದ್ದು ಕೊನೆಯ ಸಾಲು: ‘ಸಸ್ಕಟೂನಿಗೆ ಹೋದವರು ನನ್ನ ಅಕ್ಕ ಜಕಿಯಾಳಿಗೆ ಫೋನ್ ಮಾಡಿ, ಊಟ ಮಾಡಿಕೊಂಡೇ ಮುಂದಕ್ಕೆ ಹೋಗಿ.’ ಪಕ್ಕದಲ್ಲಿ ಅವಳ ನಂಬರು.

ನೀವು ಫೋನಿನಲ್ಲಿ ಹೇಳಿದ್ದು ನೆನಪಿದೆ. “ನೋಡಮ್ಮ, ಇದು ಟೂರಿಸ್ಟ್ ಗೈಡು, ಮದುವೆ ಕರೆಯೋಲೆ ಅಲ್ಲ. ಪರ್ಸನಲ್ ನಂಬರೆಲ್ಲ ಪ್ರಿಂಟ್ ಮಾಡಕ್ಕಾಗಲ್ಲ. ಅದೂ ಅಲ್ದೆ ಊಟದ ವಿಷಯ ಸ್ವಲ್ಪ ಸೆನ್ಸಿಟಿವ್.” ನಾನು “ಹೂಂ ಸರ್” ಎಂದೆ. ಅಕ್ಕ ಮಾಡುವುದು ಹುರುಳಿಕಾಳಿನ ಬಸ್ಸಾರು, ಸರ್. ಅದರಲ್ಲಿ ಸೂಕ್ಷ್ಮವಾದದ್ದು ಒಗ್ಗರಣೆಯ ಬೆಳ್ಳುಳ್ಳಿ ಒಂದೇ, ಹೊತ್ತಿದರೆ ಕೆಟ್ಟಿತು.

ನಮ್ಮಲ್ಲಿ ಊರನ್ನು ಪರಿಚಯಿಸುವುದು ಎಂದರೇನು? ಮಂಡ್ಯಕ್ಕೆ ಹೊರಟವನನ್ನು ಯಾರಾದರೂ ಅಲ್ಲಿನ ಸೇತುವೆಯ ಉದ್ದ ಕೇಳಿದ್ದುಂಟೇ? “ಅಲ್ಲಿ ನಿಮ್ಮೋರು ಯಾರಿದಾರೆ?” ಎಂದು ಕೇಳುತ್ತಾರೆ. ಅದೇ ಸಂಚಿಕೆಯ ಮೊದಲ ಪುಟದಲ್ಲಿ, ಕನ್ನಡಿಗರು ಎಲ್ಲಿದ್ದರೂ ಒಂದೇ ಕುಟುಂಬ ಎಂದು ನೀವೇ ಬರೆದಿದ್ದೀರಿ. ಕುಟುಂಬದ ಒಂದು ಮನೆ ನನ್ನ ಲೇಖನವಿದ್ದ ಆರನೇ ಪುಟದಲ್ಲಿ ಏಕೆ ಹಿಡಿಸಲಿಲ್ಲ?

ಹೋದ ತಿಂಗಳು, ನಾನು ಕೆಲಸ ಮಾಡುವ ಹಿಕ್ಸ್‌ವಿಲ್‌ನ ತಿಂಡಿ ಅಂಗಡಿಗೆ ಪ್ಲೇನ್ಸ್‌ಬರೋದ ಶಿವಪ್ರಕಾಶ್, ಅವರ ಹೆಂಡತಿ ಲಾವಣ್ಯಾ ಬಂದಿದ್ದರು. ಅವರಿಗೆ ಸಸ್ಕಟೂನಿನಲ್ಲಿ ಕೆಲಸ ಸಿಕ್ಕಿತ್ತು. ನಿಮ್ಮ ಸಂಚಿಕೆ ಹಿಡಿದುಕೊಂಡೇ ಊರು ನೋಡಿಬಂದಿದ್ದರು.

“ಸೇತುವೆ ಚೆನ್ನಾಗಿದೆ ಕಣಮ್ಮ, ಕಡವೆ ಮುಂದೆ ಫೋಟೋನೂ ಹೊಡ್ಕೊಂಡ್ವಿ,” ಎಂದರು ಶಿವಪ್ರಕಾಶ್.

“ನಾಲ್ಕು ದಿನ ಬರೀ ಬ್ರೆಡ್ಡು,” ಎಂದರು ಲಾವಣ್ಯಾ. “ಕನ್ನಡದಲ್ಲಿ ಜಗಳ ಆಡೋಣ ಅಂದ್ರೂ ಇವ್ರೊಬ್ರೇ ಸಿಕ್ಕಿದ್ದು. ಆ ಊರಿಗೆ ನಾನ್ ಬರಲ್ಲ ಅಂದ್ಬಿಟ್ಟೆ.”

ಕೆಲಸ ಬೇಡವೆಂದು ಆಗಲೇ ತಿಳಿಸಿಯೂ ಆಗಿತ್ತು. ಅಲ್ಲಿ ಉಳಿದುಕೊಂಡಿದ್ದು ಯಾವ ಮೋಟೆಲ್‌ನಲ್ಲಿ ಎಂದು ಕೇಳಿದೆ. ಅಕ್ಕನ ಬೀದಿಯಿಂದ ನಡೆದು ಹೋಗುವಷ್ಟು ದೂರ. ಕೋಪ ಬರಬೇಕಿತ್ತು, ಬರಲಿಲ್ಲ. ಚಕ್ಕುಲಿ ಪೊಟ್ಟಣ ಕಟ್ಟುತ್ತಲೇ ಇದ್ದೆ.

ಸಾಲು ಅಚ್ಚಾಗುತ್ತದೆ ಎಂದು ಅಕ್ಕನಿಗೆ ಮೊದಲೇ ಹೇಳಿಬಿಟ್ಟಿದ್ದೆ. ಅಂದಿನಿಂದ ಅವಳು ಭಾನುವಾರ ಹೆಚ್ಚಿಗೆ ಅಡುಗೆ ಮಾಡುತ್ತಾಳೆ. ಅಲ್ಲಿನ ಮಸೀದಿಯಲ್ಲಿ ಉರ್ದು ಆಡುವವರು ಸಿಗುತ್ತಾರೆ. ನಾವು ಬೆಳೆದ ರಾಮನಗರದ ಬೀದಿಯ ಕನ್ನಡ ಆಡಲು ಯಾರೂ ಇಲ್ಲ. ಮಗ ಝೈದ್ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. “ಇವತ್ತೂ ಯಾರೂ ಫೋನ್ ಮಾಡ್ಲಿಲ್ಲ ಕಣೆ ಲೈಬಾ,” ಎನ್ನುತ್ತಾಳೆ. “ನಂಬರ್ ಸರಿಯಾಗಿ ಬರ್ಕೊಟ್ಟಿದ್ಯಾ?”

ಏನು ಹೇಳಲಿ, ಸರ್? ಸೆನ್ಸಿಟಿವ್ ಎನ್ನಲೇ?

ಮುಂದಿನ ಸಂಚಿಕೆಯಲ್ಲಿ ಆ ಸಾಲನ್ನು ಅಚ್ಚು ಹಾಕಿ. ಜಾಗ ಸಾಲದಿದ್ದರೆ ಒಂದು ಸೇತುವೆಯನ್ನು ತೆಗೆಯಿರಿ. ಆಗುವುದಿಲ್ಲವೆಂದರೆ ನೀವೇ ಅಕ್ಕನಿಗೆ ಫೋನ್ ಮಾಡಿ, ಯಾರೂ ಬರುವುದಿಲ್ಲ, ಇನ್ನು ಮನೆಮಂದಿಗಾಗುವಷ್ಟೇ ಬೇಯಿಸಿ ಎಂದು ಹೇಳಿಬಿಡಿ. ಸಂಘದಲ್ಲಿ ಅವಳ ನಂಬರು ಇರುವುದು ನಿಮ್ಮೊಬ್ಬರ ಹತ್ತಿರವೇ.

ಇಂತಿ,
ಆರನೇ ಪುಟದಲ್ಲಿ ಮುಕ್ಕಾಲು ಮಾತ್ರ ಅಚ್ಚಾದ
ಲೈಬಾ, ಜಕಿಯಾಳ ತಂಗಿ
ಹಿಕ್ಸ್‌ವಿಲ್