ಮೈನಸ್ ಎಂಬತ್ತು ಅಂತ ನಾ ಬರಿಯೂದಿಲ್ಲ

ಹಡಪಸರ, ಪುಣೆ
೫ ಅಕ್ಟೋಬರ್ ೨೦೨೫, ಭಾನುವಾರ

ನನ್ನ ಮುದ್ದು ರೇಣುವಿಗೆ,

ನಿನ್ನವ್ವನ ಆಶೀರ್ವಾದಗಳು. ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟಿದ್ದೇನೆ. ಸಿಟ್ಟಿನಲ್ಲಿ ಮುಟ್ಟಬೇಡ, ಇಳಿದ ಮೇಲೆ ತಗೋ. ನಿನ್ನೆ ನೀನು ಎಂಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಸೋಲುತ್ತೇನೆ. ಕಾಗದದ ಮೇಲೆ ನನ್ನನ್ನು ಸೋಲಿಸುವುದು ಅಷ್ಟು ಸುಲಭವಲ್ಲ. ನಾಳೆ ನೀನಿರುವ ಭೋರ್ ಆಸ್ಪತ್ರೆಗೆ ಬರುವ ಕಾಲೇಜಿನ ಗಾಡಿಯಲ್ಲಿ ಇದನ್ನು ಕಳಿಸುತ್ತೇನೆ.

ಶುಕ್ರವಾರ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. ಒಂದು ಅಂಕಿ ಬರದ್ರ ನಿನ್ನ ಗಂಟೇನು ಹೋಗ್ತದವ್ವಾ, ಅಂದೆ. ಕೇಳಿಲ್ಲಿ. ಈ ಮೆಡಿಕಲ್ ಕಾಲೇಜಿನ ಸಂಶೋಧನಾ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ. ಕೆಲಸದ ದಿನ ಎರಡು ಹೊತ್ತು ಫ್ರೀಜರಿನ ತಾಪಮಾನ ನೋಡಿ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುತ್ತೇನೆ. ನಿನಗೆ ಟೈಫಾಯ್ಡ್ ಆದ ದಿನವೂ ಓಡಿ ಹೋಗಿ ಫ್ರೀಜರ್ ನೋಡಿ ಬಂದವಳು ನಾನು. ಒಂದು ಸಾಲಿನಲ್ಲೂ ಕಾಣದ್ದನ್ನು ಬರೆದಿಲ್ಲ.

ಆದದ್ದನ್ನು ಸರಿಯಾಗಿ ಹೇಳುತ್ತೇನೆ, ಫೋನಿನಲ್ಲಿ ನೀನು ಕೇಳಿಸಿಕೊಳ್ಳಲೇ ಇಲ್ಲ. ಬುಧವಾರ ಖಂಡೇನವಮಿ. ಸಂಜೆಯ ಅಂಕಿ ಬರೆದ ಮೇಲೆ ಲ್ಯಾಬಿನ ಸಾಮಾನಿಗೆಲ್ಲ ಪೂಜೆ. ಮೈಕ್ರೋಸ್ಕೋಪಿಗೆ ಕುಂಕುಮ, ಸೆಂಟ್ರಿಫ್ಯೂಜಿಗೆ ಚೆಂಡುಹೂ, ಫ್ರೀಜರಿಗೆ ಮೊಳಗಟ್ಟಲೆ ಹಾರ. ಆರತಿ ಆಯಿತು, ಅವಿನಾಶ್ ಸರ್ ಕಾಯಿ ಒಡೆದರು, ನಾನು ಪೇಢೆ ಹಂಚಿದೆ. ಭೀಮಣ್ಣ ಬೀಗ ಹಾಕಿದ. ಗುರುವಾರ ದಸರೆಯ ರಜೆ. ಶುಕ್ರವಾರ ಬೆಳಿಗ್ಗೆ ಬಂದು ನೋಡಿದರೆ ಫ್ರೀಜರ್ ಬಂದ್, ಬಾಗಿಲ ಕೆಳಗೆ ನೀರು. ಸ್ವಿಚ್ ಹಾಕಿದೆ. ಮೈನಸ್ ಎಂಬತ್ತು ಇರಬೇಕಾದಲ್ಲಿ ನಾಲ್ಕು ಡಿಗ್ರಿ. ಮೈನಸ್ ನಾಲ್ಕಲ್ಲ, ಬರೀ ನಾಲ್ಕು. ಕೂಗಬೇಕಾಗಿದ್ದ ಅಲಾರಮ್ಮಿನ ಬ್ಯಾಟರಿ ಸತ್ತು ಎಂಟು ತಿಂಗಳಾಗಿದೆ. ಹೊಸದು ಕೊಡಿ ಎಂದು ಮೂರು ಅರ್ಜಿ ಕೊಟ್ಟಿದ್ದೇನೆ, ಮೂರೂ ಯಾವ ಕಪಾಟಿನಲ್ಲಿವೆಯೋ. ಭೋರಿನ ಮೇಲಿನ ಹಳ್ಳಿಗಳ ಇನ್ನೂರ ಹನ್ನೆರಡು ಹೆಂಗಸರ ರಕ್ತ, ನಿನ್ನ ಎಂ.ಡಿ. ಥೀಸಿಸ್ಸಿಗೆ ನೀನೇ ತೆಗೆದದ್ದು, ಎಲ್ಲಾ ಕರಗಿ ಹೋಗಿತ್ತು. ಅಯ್ಯೋ ಶಿವನೇ ಅಂತ ಅಲ್ಲೇ ಸ್ಟೂಲಿನ ಮೇಲೆ ಕುಸಿದೆ.

ಅವಿನಾಶ್ ಸರ್ ಕೆಟ್ಟವರಲ್ಲ. ನಿನ್ನ ಗೈಡ್, ನಿನ್ನ ಮೇಲೆ ಪ್ರೀತಿಯೂ ಇದೆ. ಬಾಗಿಲು ಮುಂದೆ ಮಾಡಿ, ರಂಜನಾತಾಈ, ಸಮಜೂನ್ ಘ್ಯಾ ಎಂದರು. ನಾನು ಅರ್ಥ ಮಾಡಿಕೊಳ್ಳಬೇಕಂತೆ! ಶುಕ್ರವಾರದ ಸಾಲಿನಲ್ಲಿ ಮೈನಸ್ ಎಂಬತ್ತು ಅಂತ ಬರೆದುಬಿಟ್ಟರೆ, ಟ್ಯೂಬುಗಳು ಮತ್ತೆ ಹೆಪ್ಪುಗಟ್ಟುತ್ತವೆ, ಯಾರಿಗೂ ತಿಳಿಯುವುದಿಲ್ಲ, ಜನವರಿಯಲ್ಲಿ ರೇಣುವಿನ ಥೀಸಿಸ್ ಸಲ್ಲಿಕೆಯಾಗುತ್ತದೆ. ಬರೆಯದಿದ್ದರೆ ವಿಚಾರಣೆ, ಮೊದಲು ಹೋಗುವುದು ಬೀಗ ಹಾಕಿದವನ ಕೆಲಸವಂತೆ.

ಭೀಮಣ್ಣ ನಮ್ಮ ಅಟೆಂಡರ್ ಅಷ್ಟೇ ಅಲ್ಲ, ನಿನಗೂ ಗೊತ್ತು. ಯೆರವಡಾದಿಂದ ಸೈಕಲ್ ತುಳಿದು ಬಂದು, ನೀನು ಸಣ್ಣವಳಿದ್ದಾಗ ಗ್ಲೌಸ್ ಊದಿ ಕೋಳಿ ಮಾಡಿ ಕೊಡುತ್ತಿದ್ದವನು. ಅಕ್ಕಾರ, ನಾ ಕೀಲಿ ಅಷ್ಟ ಹಾಕೀನ್ರಿ, ಸ್ವಿಚ್ ಮುಟ್ಟಿಲ್ರಿ, ಎಂದು ಗಳಗಳ ಅತ್ತ. ಅವನು ಮುಟ್ಟಿಲ್ಲ. ನನಗೆ ಹೇಗೆ ಗೊತ್ತು ಅಂತ ಈಗಲೇ ಕೇಳಬೇಡ.

ನಿನ್ನ ಮೇಲೂ ನನಗೆ ಸಿಟ್ಟಿದೆ ರೇಣೂ. ಆ ಹೆಂಗಸರು ಭತ್ತದ ನಾಟಿ ಬಿಟ್ಟು, ಉಪವಾಸದ ಹೊಟ್ಟೆಯಲ್ಲಿ ಗುಡ್ಡ ಇಳಿದು ಬಂದು ತೋಳು ಚಾಚಿದರು ಅಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದವಳು ನೀನೇ. ಕೆಟ್ಟ ರಕ್ತದ ಅಂಕಿ ನಂಬಿ ನಾಳೆ ಯಾರೋ ಡಾಕ್ಟರು ಅದೇ ಹೆಂಗಸರಿಗೆ ಔಷಧಿ ಬರೆದುಕೊಟ್ಟರೆ? ನಿನ್ನ ಹೆಸರಿನ ಮುಂದೆ ಎಂ.ಡಿ. ನೋಡುವ ಆಸೆ ನನಗಿಲ್ಲವೇನೇ? ನಿನ್ನಪ್ಪ ಹೋದ ಮೇಲೆ ನನಗುಳಿದದ್ದು ಅದೊಂದೇ ಆಸೆ. ಆದರೆ ಹೀಗೆ ಬರುವುದಾದರೆ ಬೇಡ. ವರ್ಷ ಹೋದರೆ ಹೋಗಲಿ. ನನ್ನ ಜೊತೆ ಮಾತು ಬಿಡುತ್ತೀಯಾ, ಬಿಡು.

ನಿನ್ನ ಮಾತು ಕೇಳಿ ಆ ಸಾಲನ್ನು ಒಂದು ದಿನ ಖಾಲಿ ಬಿಟ್ಟೆ, ಅದಕ್ಕೇ ನಾಚಿಕೆಯಾಗುತ್ತಿದೆ. ಶನಿವಾರ ಬೆಳಿಗ್ಗೆ ಹೋದವಳೇ ನಾಲ್ಕು ಡಿಗ್ರಿ ಅಂತ ಬರೆದು, ಪಕ್ಕದಲ್ಲಿ ಕಾರಣವನ್ನೂ ಬರೆದು, ಪೂರ್ತಿ ಹೆಸರಿನ ಸಹಿ ಮಾಡಿದೆ. ಹಾಳೆ ಯಾರೂ ಹರಿಯದಿರಲಿ ಎಂದು ಝೆರಾಕ್ಸ್ ಮಾಡಿಸಿ ಡೀನ್ ಆಫೀಸಿಗೆ ಕೊಟ್ಟು ಶಿಕ್ಕಾ ಒತ್ತಿಸಿಕೊಂಡೆ. ನಿಮ್ಮ ಕೆಲಸ ಹೋದೀತು ಎಂದರು ಸರ್. ಹೋಗ್ಲಿ ಬಿಡ್ರಿ ಎಂದೆ. ಹೆದರಿಕೆ ಇರಲಿಲ್ಲವೆಂದು ಸುಳ್ಳೇಕೆ ಹೇಳಲಿ. ಆದರೂ ಎಂದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸಿದ್ದೇನೆ, ಸಿಟ್ಟಿದ್ದರೂ ತಿನ್ನು.

ನಿನ್ನ ಹಟಮಾರಿ ಅವ್ವ,
ರಂಜನಾ

ತಾ.ಕ.: ಕಾರಣ ಏನಂತ ಬರೆದೆ ಅಂತ ಕೇಳುತ್ತೀ. ರಬಕವಿಯಲ್ಲಿ ನಿನ್ನಜ್ಜ ಓಡುವ ಮಗ್ಗಕ್ಕೆ ಎಂದೂ ಆರತಿ ಎತ್ತುತ್ತಿರಲಿಲ್ಲ, ನಿಲ್ಲಿಸಿ ಎತ್ತುತ್ತಿದ್ದ. ಅದೇ ರೂಢಿ ನನಗೂ. ಪ್ರತಿ ವರ್ಷ ಆರತಿಯ ಐದು ನಿಮಿಷ ಫ್ರೀಜರ್ ಆರಿಸಿ ಮತ್ತೆ ಹಾಕುತ್ತೇನೆ. ಈ ಸಲ ನಿನ್ನ ಥೀಸಿಸ್ಸಿಗೆ ಒಳ್ಳೆಯದಾಗಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡು, ಹಾಗೇ ಪೇಢೆ ಹಂಚಲು ಹೋದೆ. ಹಾಕಲಿಲ್ಲ. ಸ್ವಿಚ್ ಆರಿಸಿದ ಕೈ ನನ್ನದು ಅಂತಲೇ ರಿಜಿಸ್ಟರಿನಲ್ಲಿದೆ. ಬುಧವಾರ ಮೊದಲ ಎಸ್.ಟಿ. ಬಸ್ಸಿಗೆ ಭೋರಿಗೆ ಬರುತ್ತೇನೆ. ಇನ್ನೂರ ಹನ್ನೆರಡು ಮನೆಯಲ್ಲೂ ನನ್ನ ತಪ್ಪು ನಾನು ಹೇಳುತ್ತೇನೆ. ಮತ್ತೆ ತೋಳು ಚಾಚುತ್ತೀರಾ ಅಂತ ನೀನು ಕೇಳು. ನೀನು ಬರದಿದ್ದರೂ ನಾನು ಗುಡ್ಡ ಹತ್ತುವವಳೇ.