ಅವನಿಗೆ ಹೇಳಮ್ಮ

ರೀ,

ಇವತ್ತು ದೊಡ್ಡ ಕೋರ್ಟಿನಲ್ಲಿ ಮಕ್ಕಳ ಅಪೀಲು ವಜಾ ಆಯಿತು. ಗೋದಾಮಿಗೆ ಬೆಂಕಿ ಹಚ್ಚಲು ಇಬ್ಬರೂ ಸೇರಿ ಒಳಸಂಚು ಮಾಡಿದ್ದು ನಿಜ ಎಂದು ಇಲ್ಲಿಯೂ ಹೇಳಿದರು. ನನಗೆ ಅಳು ಬರಲಿಲ್ಲ. ಫ್ಯಾನು ತಿರುಗುವುದನ್ನೇ ನೋಡುತ್ತಾ ಕೂತಿದ್ದೆ.

ನೀವು ತೀರಿಕೊಂಡ ವರ್ಷವೇ ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟರು. ಹಟದಲ್ಲಿ ಇಬ್ಬರೂ ನಿಮ್ಮ ಹಾಗೇ. ನಾನು ದೊಡ್ಡವನ ಮನೆಯಲ್ಲಿದ್ದೆ, ಚಿಕ್ಕವನು ಬೇರೆ ರೂಮು ಮಾಡಿಕೊಂಡಿದ್ದ. ದೊಡ್ಡವನ ಫೋನಿನಿಂದ ಚಿಕ್ಕವನಿಗೆ ದಿನಾ ಹೋದ ಕರೆಗಳೇ ಸಂಚಿಗೆ ಸಾಕ್ಷಿಯಂತೆ. ಆ ಕರೆ ಮಾಡುತ್ತಿದ್ದವಳು ನಾನು, ಊಟ ಆಯಿತೇನೋ ಎಂದು ಕೇಳಲು. ನನ್ನ ಹತ್ತಿರ ಫೋನೆಲ್ಲಿತ್ತು?

ನಮ್ಮ ವಕೀಲರು ಅದನ್ನೇ ಹೇಳಿದರು. "ಹಾಗಿದ್ದರೆ ಕೆಳಗಿನ ಕೋರ್ಟಿನಲ್ಲಿ ತಾಯಿಯನ್ನು ಯಾಕೆ ಕರೆಸಲಿಲ್ಲ?" ಎಂದು ನ್ಯಾಯಾಧೀಶರು ಕೇಳಿದರು. ಹೊರಗೆ ಬಂದ ಮೇಲೆ ವಕೀಲರು ನನಗೆ ಹೇಳಿದರು: "ಅಮ್ಮನ್ನ ಮಾತ್ರ ಕಟಕಟೆ ಹತ್ತಿಸ್ಬೇಡಿ ಅಂತ ಇಬ್ರೂ ಬೇರೆಬೇರೆಯಾಗಿ ಬಂದು ನನ್ನ ಕೈ ಹಿಡ್ಕೊಂಡಿದ್ರು."

ಇಬ್ಬರಿಗೂ ಒಂದೇ ಬೇಡಿ ಹಾಕಿ ವ್ಯಾನಿನ ಹತ್ತಿರ ಕರೆತಂದರು. ಚಿಕ್ಕವನು ಕೆಮ್ಮುತ್ತಿದ್ದ. ದೊಡ್ಡವನು ಅವನ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡಿ, "ಕಿಟಕಿ ಹತ್ರ ಕೂರ್ಬೇಡ, ಗಾಳಿ ಬರತ್ತೆ ಅಂತ ಅವನಿಗೆ ಹೇಳಮ್ಮ" ಎಂದ.

ಹೇಳಿದೆ.

"ಆಯ್ತಂತೆ ಅನ್ನು ಅವನಿಗೆ" ಎಂದ ಚಿಕ್ಕವನು.

ಅದನ್ನು ನಾನು ಹೇಳುವಷ್ಟರಲ್ಲಿ ಬಾಗಿಲು ಹಾಕಿಬಿಟ್ಟರು.